ಬಾವಿ ಎಂದರೆ ತೊಟ್ಟಿಯಲ್ಲ

ಮಕ್ಕಳೇ, ಮೊದಲು ಒಂದು ಲೆಕ್ಕ ಮಾಡೋಣ. ನಿಮ್ಮ ಮನೆಯ ಬಾವಿಯ ಬಾಯಿ 2 ಮೀಟರ್ ಅಗಲ ಇದೆ ಎಂದುಕೊಳ್ಳಿ. ಮಡಿಕೇರಿಯಲ್ಲಿ ವರ್ಷಕ್ಕೆ ಸರಾಸರಿ 3000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಲೆಕ್ಕಕ್ಕೆ 3000 ಎಂದೇ ಇಟ್ಟುಕೊಳ್ಳೋಣ. ಅಂದರೆ 3 ಮೀಟರ್. ಬಾವಿಯ ಬಾಯಿಗೆ ನೇರವಾಗಿ ಬಿದ್ದ ಮಳೆನೀರು ಎಷ್ಟು? ಬಾಯಿಯ ವಿಸ್ತೀರ್ಣ 3.14 × 1 × 1 = 3.14 ಚದರ ಮೀಟರ್. ಅದನ್ನು 3ರಿಂದ ಗುಣಿಸಿದರೆ 9.42 ಘನ ಮೀಟರ್. ಒಂದು ಘನ ಮೀಟರ್ ಎಂದರೆ 1000 ಲೀಟರ್. ಒಟ್ಟು 9,420 ಲೀಟರ್ ಆಯಿತು.

ಕುಡಿಯಲು, ಅಡುಗೆಗೆ, ಸ್ನಾನಕ್ಕೆ, ಬಟ್ಟೆ ಒಗೆಯಲು, ದನಕರುಗಳಿಗೆ ಎಂದು ನಿಮ್ಮ ಮನೆಯಲ್ಲಿ ದಿನಕ್ಕೆ 500 ಲೀಟರ್ ಸೇದುತ್ತಾರೆ ಎನ್ನಿ. ಹಾಗಾದರೆ ಇಡೀ ವರ್ಷದ ಮಳೆ 19 ದಿನಕ್ಕೆ ಮುಗಿದುಹೋಗಬೇಕು. ಆದರೆ ಬಾವಿ ವರ್ಷವಿಡೀ ನೀರು ಕೊಡುತ್ತದಲ್ಲವೆ? ಉಳಿದ 346 ದಿನಗಳ ನೀರು ಎಲ್ಲಿಂದ ಬಂತು?

ಸುತ್ತಲಿನ ನೆಲದಿಂದ ಬಂತು. ಮನೆಯ ಹಿಂದಿನ ಕಾಫಿ ತೋಟ, ಅದರ ಮೇಲಿನ ಬಾಣೆ, ಅಂಗಳ, ಕೊಟ್ಟಿಗೆಯ ಸುತ್ತಲ ಜಾಗ, ಎಲ್ಲ ಕಡೆ ಬಿದ್ದ ಮಳೆ ಮಣ್ಣಿನೊಳಗೆ ಇಂಗಿ ನಿಧಾನವಾಗಿ ಕೆಳಗೆ ಜಾರುತ್ತಾ ಬಂದು ಬಾವಿಯಲ್ಲಿ ಕಾಣಿಸಿಕೊಳ್ಳುತ್ತದೆ. ಬಾವಿ ನೀರು ತುಂಬಿಟ್ಟ ತೊಟ್ಟಿಯಲ್ಲ. ಅದು ನೆಲದೊಳಗಿನ ನೀರನ್ನು ನಮಗೆ ತೋರಿಸುವ ಒಂದು ಕಿಟಕಿ. ಬಾವಿಯನ್ನು ನೋಡಿಕೊಳ್ಳುವ ಎಲ್ಲ ಕೆಲಸಗಳೂ ಈ ಒಂದು ಮಾತಿನಿಂದ ಹುಟ್ಟುತ್ತವೆ. ಹೇಗೆ ಎಂದು ನೋಡೋಣ.

ಮಾಡಿ ನೋಡಿ: ಜಾಡಿಯಲ್ಲಿ ಬಾವಿ

ಅಗಲ ಬಾಯಿಯ ಗಾಜಿನ ಜಾಡಿ ಅಥವಾ ಮೇಲ್ಭಾಗ ಕತ್ತರಿಸಿದ ದೊಡ್ಡ ಪ್ಲಾಸ್ಟಿಕ್ ಬಾಟಲಿ ತೆಗೆದುಕೊಳ್ಳಿ. ಹಳೆಯ ಸ್ಕೆಚ್ ಪೆನ್ನಿನ ಖಾಲಿ ಕೊಳವೆಯ ಎರಡೂ ತುದಿ ಕತ್ತರಿಸಿ, ಕೆಳಭಾಗಕ್ಕೆ ಏಳೆಂಟು ಸಣ್ಣ ತೂತು ಮಾಡಿ. (ಸೂಜಿ ಕಾಯಿಸಿ ತೂತು ಮಾಡುವ ಕೆಲಸವನ್ನು ನಿಮ್ಮ ಶಿಕ್ಷಕರಿಗೆ ಬಿಡಿ.) ಕೊಳವೆಯನ್ನು ಜಾಡಿಯ ಒಂದು ಬದಿಗೆ ನಿಲ್ಲಿಸಿ ಸುತ್ತ ತೊಳೆದ ಮರಳು ತುಂಬಿ. ಈಗ ಕೊಳವೆಯಿಂದ ದೂರದಲ್ಲಿ, ಮರಳಿನ ಮೇಲೆ, ನಿಧಾನವಾಗಿ ನೀರು ಸುರಿಯಿರಿ. ಕೊಳವೆಯೊಳಕ್ಕೆ ಒಂದು ಹನಿಯೂ ಹಾಕಬೇಡಿ.

ಸ್ವಲ್ಪ ಹೊತ್ತಿನಲ್ಲಿ ಕೊಳವೆಯೊಳಗೆ ನೀರು ಏರುತ್ತದೆ. ಎಲ್ಲಿಯವರೆಗೆ? ಹೊರಗೆ ಮರಳು ಎಲ್ಲಿಯವರೆಗೆ ನೀರು ಕುಡಿದಿದೆಯೋ ಹೆಚ್ಚುಕಡಿಮೆ ಅಲ್ಲಿಯವರೆಗೆ. ಅದೇ ಅಂತರ್ಜಲ ಮಟ್ಟ.

ಇನ್ನು ಎರಡನೆಯ ಭಾಗ. ಜಾಡಿಯ ಇನ್ನೊಂದು ಬದಿಯ ಮರಳಿನ ಮೇಲೆ ನಾಲ್ಕು ಹನಿ ಶಾಯಿ ಬಿಡಿ. ಸೂಜಿಯಿಲ್ಲದ ಸಿರಿಂಜಿನಿಂದ ಕೊಳವೆಯ ನೀರನ್ನು ಸ್ವಲ್ಪ ಸ್ವಲ್ಪ ಎಳೆದು ತೆಗೆಯುತ್ತಾ, ಶಾಯಿ ಇರುವ ಬದಿಗೆ ಅಷ್ಟಷ್ಟೇ ಹೊಸ ನೀರು ಹಾಕುತ್ತಾ ಹೋಗಿ. ಸ್ವಲ್ಪ ಹೊತ್ತಿನ ನಂತರ ಸಿರಿಂಜಿನಲ್ಲಿ ಏನು ಕಂಡಿತು? ಶಾಯಿಯನ್ನು ನೀವು ಬಾವಿಗೆ ಹಾಕಲಿಲ್ಲ. ಬಾವಿಯೇ ಅದನ್ನು ಎಳೆದುಕೊಂಡಿತು.

ನಮ್ಮ ನೆಲದ ಬಗ್ಗೆ

ಕೊಡಗಿನಲ್ಲಿ ಮೇಲೆ ಮಣ್ಣು, ಅದರ ಕೆಳಗೆ ಮಳೆಗೆ ಮೆತ್ತಗಾಗಿ ಪುಡಿಪುಡಿಯಾಗುವ ಶಿಥಿಲಗೊಂಡ ಕಲ್ಲು, ಇನ್ನೂ ಕೆಳಗೆ ಗಟ್ಟಿ ಬಂಡೆ ಇರುತ್ತದೆ. ಮನೆ ಬಾವಿಗಳ ನೀರು ಹೆಚ್ಚಾಗಿ ನಡುವಿನ ಆ ಮೆತ್ತನೆಯ ಪದರದ್ದು. ಈ ಪದರ ಸ್ಪಂಜಿನ ಹಾಗೆ ನೀರು ಹಿಡಿಯುತ್ತದೆ. ಆದರೆ ನಮ್ಮದು ಇಳಿಜಾರು ನಾಡು. ಸ್ಪಂಜನ್ನು ಓರೆಯಾಗಿ ಹಿಡಿದರೆ ಏನಾಗುತ್ತದೆ? ನೀರು ಕೆಳಗಿನ ಅಂಚಿಗೆ ಜಾರುತ್ತದೆ. ಗದ್ದೆಯ ಬದಿಯ ಬಾವಿಗಳಲ್ಲಿ ನೀರು ಮೇಲೆಯೇ ಸಿಗುವುದಕ್ಕೂ ಗುಡ್ಡದ ನೆತ್ತಿಯ ಬಾವಿಗಳು ಆಳವಾಗಿರುವುದಕ್ಕೂ ಇದೇ ಕಾರಣ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಷ್ಟೊಂದು ಮಳೆ ಸುರಿದರೂ ಕಾಫಿ ಹೂ ಬಿಡುವ ಮಾರ್ಚ್-ಏಪ್ರಿಲ್ ಹೊತ್ತಿಗೆ ಹಗ್ಗ ಉದ್ದ ಬೇಕಾಗುವುದೂ ಇದರಿಂದಲೇ. ಗದ್ದೆಯಲ್ಲಿ ನೀರು ಕಟ್ಟಿ ಭತ್ತ ಬೆಳೆದಾಗ ಆ ನೀರಿನ ಒಂದು ಪಾಲು ನೆಲಕ್ಕೆ ಇಳಿಯುತ್ತದೆ. ಗದ್ದೆಯನ್ನು ಮಣ್ಣು ತುಂಬಿ ಸಪಾಟು ಮಾಡಿದ ಊರಿನಲ್ಲಿ ಹತ್ತಿರದ ಬಾವಿಗಳ ಮಟ್ಟವನ್ನು ಗಮನಿಸಿ ನೋಡಿ.

ಗಮನಿಸುವುದು ಹೇಗೆ? ದಾರದ ತುದಿಗೆ ಒಂದು ಕಲ್ಲು ಕಟ್ಟಿ ಮನೆಯ ಹಿರಿಯರ ಜೊತೆ ಬಾವಿಗೆ ಇಳಿಬಿಡಿ. ಕಲ್ಲು ನೀರು ಮುಟ್ಟಿದಾಗ ಕಟ್ಟೆಯ ಅಂಚಿನಲ್ಲಿ ದಾರವನ್ನು ಹಿಡಿದು, ಮೇಲೆಳೆದು ಅಳೆಯಿರಿ. ವಾರಕ್ಕೊಮ್ಮೆ, ಬೆಳಿಗ್ಗೆ ಮೋಟಾರು ಹಾಕುವ ಮೊದಲು ಅಳೆದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಕಟ್ಟೆಯ ಮೇಲೆ ಹತ್ತಬೇಡಿ, ಬಾಗಬೇಡಿ.

ಬಾವಿಗೆ ಏನು ಬರುತ್ತದೆ?

1854ರಲ್ಲಿ ಲಂಡನ್ ನಗರದ ಬ್ರಾಡ್ ಸ್ಟ್ರೀಟ್ ಎಂಬ ಬೀದಿಯ ಸುತ್ತ ಕಾಲರಾ ಬಂದು ನೂರಾರು ಜನ ಸತ್ತರು. ಜಾನ್ ಸ್ನೋ ಎಂಬ ವೈದ್ಯರು ಸತ್ತವರ ಮನೆಗಳನ್ನು ನಕ್ಷೆಯಲ್ಲಿ ಗುರುತು ಮಾಡುತ್ತಾ ಹೋದರು. ಗುರುತುಗಳೆಲ್ಲ ಆ ಬೀದಿಯ ಕೈಪಂಪಿನ ಸುತ್ತ ಗುಂಪುಗೂಡಿದವು. ಸ್ನೋ ಅವರ ಮಾತಿನಂತೆ ಪಂಪಿನ ಹಿಡಿ ಕಳಚಿ ತೆಗೆದರು. ಹತ್ತಿರದ ಮನೆಯೊಂದರ ಮಲದ ಗುಂಡಿ ಒಡೆದು ಬಾವಿಗೆ ಸೋರುತ್ತಿತ್ತು ಎಂದು ಆಮೇಲೆ ಅಗೆದು ನೋಡಿದಾಗ ತಿಳಿಯಿತು. ನೀರು ನೋಡಲು ತಿಳಿಯಾಗಿತ್ತು ಎಂಬುದನ್ನು ನೆನಪಿಡಿ.

ನಿಮ್ಮ ಬಾವಿಗೂ ಇದೇ ಪ್ರಶ್ನೆ ಕೇಳಬೇಕು. ಶೌಚಾಲಯದ ಗುಂಡಿ, ದನದ ಕೊಟ್ಟಿಗೆ, ಹಂದಿಗೂಡು, ಗೊಬ್ಬರದ ಗುಂಡಿ ಎಷ್ಟು ದೂರದಲ್ಲಿವೆ? ಕನಿಷ್ಠ 15 ಮೀಟರ್, ಅಂದರೆ ಸುಮಾರು 50 ಅಡಿ ದೂರ ಇರಬೇಕು ಎಂಬುದು ಸಾಮಾನ್ಯ ನಿಯಮ. ಬಯಲುಸೀಮೆಯಲ್ಲಿ ಇಷ್ಟು ಹೇಳಿದರೆ ಸಾಕಾಗಬಹುದು. ಕೊಡಗಿನಲ್ಲಿ ಸಾಲದು. ಇಲ್ಲಿ ದೂರಕ್ಕಿಂತ ದಿಕ್ಕು ಮುಖ್ಯ. ಬಾವಿ ಮೇಲಿದ್ದು ಗುಂಡಿ ಇಳಿಜಾರಿನ ಕೆಳಗಿರಬೇಕು. ಜಾಡಿಯ ಶಾಯಿಯನ್ನು ನೆನಪಿಸಿಕೊಳ್ಳಿ. ಡಿಸೆಂಬರ್ ಸುಮಾರಿಗೆ ಕಾಫಿ ಹಣ್ಣಿನ ಪಲ್ಪಿಂಗ್ ಶುರುವಾಗುತ್ತದೆ. ಪಲ್ಪರ್‌ನಿಂದ ಹರಿಯುವ ಸಿಹಿ ನೀರು ಹುಳಿತು ಕಪ್ಪಾಗಿ ನಾರುತ್ತದೆ. ಅದನ್ನು ಬಾವಿಯ ಮೇಲ್ಬದಿಯಲ್ಲಿ ನೆಲಕ್ಕೆ ಬಿಟ್ಟರೆ ಎಲ್ಲಿಗೆ ಹೋಗುತ್ತದೆ ಎಂದು ನಾನು ಹೇಳಬೇಕಾಗಿಲ್ಲ.

ಇನ್ನು ಕಟ್ಟೆ. ಕೊಡವರ ಮದುವೆಯಲ್ಲಿ ಗಂಗಾಪೂಜೆ ನೋಡಿದ್ದೀರಾ? ಮದುಮಗಳು ಬಾವಿಯ ಬಳಿ ಪೂಜೆ ಮಾಡಿ, ನೀರಿನ ಕೊಡ ಹೊತ್ತು ಮನೆಯ ಕಡೆ ಬರುತ್ತಾಳೆ. ವಾಲಗಕ್ಕೆ ಕುಣಿಯುತ್ತಾ ನೆಂಟರು ದಾರಿ ತಡೆಯುತ್ತಾರೆ. ಆ ದಿನ ಬಾವಿಕಟ್ಟೆ ತೊಳೆದು ಸ್ವಚ್ಛವಾಗಿರುತ್ತದೆ. ಮರುದಿನ ಅದೇ ಕಟ್ಟೆಯ ಬುಡದಲ್ಲಿ ಪಾತ್ರೆ ತೊಳೆದ ನೀರು ಸಿಮೆಂಟಿನ ಬಿರುಕಿನಲ್ಲಿ ಇಳಿದು ಮತ್ತೆ ಬಾವಿ ಸೇರುವುದನ್ನು ಎಷ್ಟೋ ಮನೆಗಳಲ್ಲಿ ಕಾಣಬಹುದು. ಕಟ್ಟೆಯ ಸುತ್ತ ಒಂದು ಮೀಟರ್ ಅಗಲಕ್ಕೆ ಬಿರುಕಿಲ್ಲದ ಸಿಮೆಂಟು ನೆಲ, ಅದು ಹೊರಕ್ಕೆ ಇಳಿಜಾರು, ಚೆಲ್ಲಿದ ನೀರು ದೂರ ಹೋಗಲು ಚರಂಡಿ, ಬಾಯಿಗೆ ಬಲೆ ಅಥವಾ ಮುಚ್ಚಳ, ಇಷ್ಟಿದ್ದರೆ ಮೇಲಿನಿಂದ ಬರುವ ಕೊಳೆಯಲ್ಲಿ ಬಹುಪಾಲು ನಿಂತೇ ಹೋಗುತ್ತದೆ. ಹಗ್ಗ ಮತ್ತು ಬಿಂದಿಗೆಯನ್ನು ನೆಲದ ಮೇಲೆ ಬಿಡದೆ ರಾಟೆಯ ಕಂಬಕ್ಕೆ ನೇತುಹಾಕಿ. ಕೋಳಿ ಓಡಾಡಿದ ನೆಲದ ಮೇಲೆ ಬಿದ್ದ ಹಗ್ಗ ನೇರವಾಗಿ ನೀರಿಗೇ ಇಳಿಯುತ್ತದಲ್ಲವೆ?

ಹೂಳೆತ್ತುವ ಕಾಲ

ವರ್ಷಕ್ಕೊಮ್ಮೆ ಬಾವಿಯ ಹೂಳು, ಕೊಳೆತ ಎಲೆ, ಬಿದ್ದ ಬಿಂದಿಗೆ ಎಲ್ಲ ತೆಗೆಸುವುದು ಒಳ್ಳೆಯದು. ಯಾವಾಗ? ನೀರು ತೀರಾ ಕೆಳಗಿರುವಾಗ, ಅಂದರೆ ಏಪ್ರಿಲ್ ಕೊನೆಯಿಂದ ಮೇ ತಿಂಗಳಲ್ಲಿ, ಮುಂಗಾರಿಗೆ ಮೊದಲು. ಆಗ ತೆಗೆಯಬೇಕಾದ ನೀರು ಕಡಿಮೆ ಎಂಬುದು ಒಂದು ಕಾರಣ. ಇನ್ನೊಂದು ಕಾರಣ ಹೆಚ್ಚು ಮುಖ್ಯವಾದದ್ದು. ಮಳೆಗಾಲದಲ್ಲಿ ಬಾವಿಯ ಸುತ್ತಲಿನ ಮಣ್ಣು ನೀರಿನಿಂದ ತುಂಬಿರುತ್ತದೆ. ಹೊರಗಿನ ನೀರು ಗೋಡೆಯನ್ನು ಒಳಕ್ಕೆ ಒತ್ತುತ್ತದೆ. ಒಳಗಿನ ನೀರು ಹೊರಕ್ಕೆ ಒತ್ತುತ್ತದೆ. ಎರಡೂ ಸಮವಾಗಿರುವವರೆಗೆ ಗೋಡೆ ಕ್ಷೇಮ. ಒಳಗಿನ ನೀರನ್ನು ಮೋಟಾರಿನಿಂದ ಒಂದೇ ಸಲ ಖಾಲಿ ಮಾಡಿದರೆ ಹೊರಗಿನ ಒತ್ತಡವೊಂದೇ ಉಳಿಯುತ್ತದೆ. ಆಗ ಕಟ್ಟಡ ಕುಸಿಯಬಹುದು, ಸಿಮೆಂಟ್ ರಿಂಗುಗಳು ಜರುಗಬಹುದು. ತೊಟ್ಟಿಯನ್ನು ಯಾವಾಗ ಬೇಕಾದರೂ ಖಾಲಿ ಮಾಡಬಹುದು, ಬಾವಿಯನ್ನು ಮಾಡಲಾಗದು.

ಕಾಣದ ಅಪಾಯ

ಈ ಭಾಗವನ್ನು ಎರಡು ಸಲ ಓದಿ. ಮನೆಯಲ್ಲಿಯೂ ಓದಿ ಹೇಳಿ.

ಬಾವಿ ಸ್ವಚ್ಛಗೊಳಿಸಲು ಇಳಿದವರು ಉಸಿರುಗಟ್ಟಿ ಸತ್ತ ಸುದ್ದಿ ಪತ್ರಿಕೆಗಳಲ್ಲಿ ಬೇಸಗೆಯಲ್ಲಿ ಆಗಾಗ ಬರುತ್ತದೆ. ಇಂಥ ಸುದ್ದಿಗಳಲ್ಲಿ ಸತ್ತವರು ಎಷ್ಟೋ ಸಲ ಒಬ್ಬರಲ್ಲ, ಇಬ್ಬರು, ಮೂವರು. ಮೊದಲನೆಯವರು ಬಿದ್ದದ್ದನ್ನು ಕಂಡು ಕಾಪಾಡಲು ಇಳಿದ ಅಣ್ಣ, ಅವರ ಹಿಂದೆ ನೆರೆಯವರು. ಹೀಗೇಕಾಗುತ್ತದೆ?

ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ 21 ಪಾಲು ಆಮ್ಲಜನಕ. ಬಾವಿಯ ತಳದಲ್ಲಿ ಎಲೆಗಳು ಕೊಳೆಯುವಾಗ ಸೂಕ್ಷ್ಮಜೀವಿಗಳು ಆಮ್ಲಜನಕವನ್ನು ಬಳಸಿಕೊಂಡು ಇಂಗಾಲದ ಡೈ ಆಕ್ಸೈಡ್ ಬಿಡುತ್ತವೆ. ಈ ಅನಿಲ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ಕಿರಿದಾದ, ಮುಚ್ಚಿಟ್ಟ, ಗಾಳಿಯಾಡದ ಬಾವಿಯಲ್ಲಿ ಅದು ತಳದಲ್ಲೇ ನಿಲ್ಲುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಆಮ್ಲಜನಕ ನೂರಕ್ಕೆ 10 ಪಾಲಿಗಿಂತ ಕೆಳಗಿಳಿದ ಕಡೆ ಮನುಷ್ಯ ಬೇಗನೆ ಎಚ್ಚರ ತಪ್ಪುತ್ತಾನೆ. ಕೂಗಲೂ ಸಮಯ ಸಿಗದಿರಬಹುದು.

ಇದನ್ನು ಶಾಲೆಯಲ್ಲಿ ಶಿಕ್ಷಕರ ಜೊತೆ ನೋಡಬಹುದು. ಎತ್ತರದ ಗಾಜಿನ ಪಾತ್ರೆಯೊಳಗೆ ಒಂದು ಗಿಡ್ಡ, ಒಂದು ಉದ್ದ ಮೇಣದಬತ್ತಿ ಹಚ್ಚಿಡಿ. ತಳದಲ್ಲಿ ಮೊದಲೇ ಎರಡು ಚಮಚ ಅಡುಗೆ ಸೋಡಾ ಹಾಕಿರಿ. ಬದಿಯಿಂದ ನಿಂಬೆರಸ ಸುರಿಯಿರಿ. (ಕಾಚಂಪುಳಿಯೂ ಹುಳಿಯೇ, ಅದೂ ನೊರೆ ಬರಿಸುತ್ತದೆ. ಆದರೆ ಮನೆಯವರು ಅಡುಗೆಗೆ ಜೋಪಾನವಾಗಿಟ್ಟದ್ದನ್ನು ತಂದು ಖಾಲಿ ಮಾಡಬೇಡಿ!) ಯಾವ ಬತ್ತಿ ಮೊದಲು ಆರಿತು?

ಹಳಬರು ಬಾವಿಗಿಳಿಯುವ ಮೊದಲು ದೀಪ ಇಳಿಬಿಟ್ಟು ನೋಡುತ್ತಿದ್ದರು. ದೀಪ ಆರಿದರೆ ಇಳಿಯಬಾರದು ಎಂಬುದು ಸರಿ. ಆದರೆ ದೀಪ ಉರಿಯುತ್ತಿದ್ದರೆ ಕ್ಷೇಮ ಎನ್ನಲಾಗದು. ಕಾರ್ಬನ್ ಮಾನಾಕ್ಸೈಡ್, ಹೈಡ್ರೋಜನ್ ಸಲ್ಫೈಡ್‌ನಂಥ ವಿಷಾನಿಲಗಳು ಸ್ವಲ್ಪವೇ ಇದ್ದರೂ ಕೊಲ್ಲುತ್ತವೆ, ದೀಪ ಅದನ್ನು ಹೇಳುವುದಿಲ್ಲ. ಆದ್ದರಿಂದ ಡೀಸೆಲ್ ಅಥವಾ ಪೆಟ್ರೋಲ್ ಎಂಜಿನನ್ನು ಬಾವಿಯೊಳಗೆ ಇಳಿಸಿ ಓಡಿಸಲೇಬಾರದು. ಅದರ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಹೂಳೆತ್ತುವ ಕೆಲಸ ಅನುಭವಸ್ಥರದ್ದೇ. ಅವರೂ ಮೊದಲು ಫ್ಯಾನು ಅಥವಾ ಬ್ಲೋವರ್‌ನಿಂದ ಸಾಕಷ್ಟು ಹೊತ್ತು ತಳಕ್ಕೆ ಹೊಸ ಗಾಳಿ ಕೊಡಬೇಕು, ಕೆಲಸ ಮುಗಿಯುವವರೆಗೂ ಕೊಡುತ್ತಿರಬೇಕು. ಇಳಿಯುವವರ ಎದೆಗೆ ಹಗ್ಗ ಕಟ್ಟಿರಬೇಕು. ಅವರನ್ನು ಎಳೆದುಕೊಳ್ಳುವಷ್ಟು ಜನ ಮೇಲೆ ಇರಬೇಕು.

ಯಾರಾದರೂ ಬಾವಿಯಲ್ಲಿ ಕುಸಿದುಬಿದ್ದರೆ ನೀವು ಇಳಿಯಬಾರದು, ಯಾರನ್ನೂ ಇಳಿಯಲು ಬಿಡಬಾರದು. ಹಗ್ಗ ಕಟ್ಟಿದ್ದರೆ ಮೇಲಿನಿಂದ ಎಳೆಯಲಿ. ಕೂಗಿ ಜನ ಸೇರಿಸಿ. 112 ಅಥವಾ ಅಗ್ನಿಶಾಮಕ ದಳದ 101ಕ್ಕೆ ಫೋನು ಮಾಡಿಸಿ. ಅವರ ಬಳಿ ಉಸಿರಾಟದ ಉಪಕರಣ ಇರುತ್ತದೆ.

ಚೆಲುವೆ ಪುಡಿಯ ಲೆಕ್ಕ

ಹೂಳೆತ್ತಿದ ಮೇಲೆ ನೀರಿಗೆ ಚೆಲುವೆ ಪುಡಿ, ಅಂದರೆ ಬ್ಲೀಚಿಂಗ್ ಪೌಡರ್ ಹಾಕುತ್ತಾರೆ. ಎಷ್ಟು ಹಾಕಬೇಕು? "ಒಂದೆರಡು ಹಿಡಿ" ಎನ್ನುವವರೇ ಹೆಚ್ಚು. ಹಿಡಿ ಎಷ್ಟು ದೊಡ್ಡದು, ಬಾವಿ ಎಷ್ಟು ದೊಡ್ಡದು? ಏಳನೆಯ ತರಗತಿಯ ಗಣಿತ ಇರುವಾಗ ಹಿಡಿಯ ಲೆಕ್ಕ ನಮಗೇಕೆ?

1000 ಲೀಟರಿಗೆ ಸುಮಾರು 2.5 ಗ್ರಾಂ ಒಳ್ಳೆಯ ಪುಡಿ ಎಂಬುದು ಆರೋಗ್ಯ ಇಲಾಖೆಯವರು ಬಳಸುವ ಸಾಮಾನ್ಯ ಅಳತೆ. ಒಳ್ಳೆಯ ಪುಡಿಯಲ್ಲಿ ನೂರಕ್ಕೆ ಸುಮಾರು 33 ಪಾಲು ಕ್ಲೋರಿನ್ ಸಿಗುತ್ತದೆ. ಆದ್ದರಿಂದ ಪ್ರತಿ ಲೀಟರಿಗೆ ಸುಮಾರು 0.8 ಮಿಲಿಗ್ರಾಂ ಕ್ಲೋರಿನ್ ಸೇರುತ್ತದೆ. ಅದರಲ್ಲಿ ಒಂದು ಪಾಲು ನೀರಿನ ಕೊಳೆಯ ಮೇಲೆ ಖರ್ಚಾಗುತ್ತದೆ. ಒಂದು ಗಂಟೆಯ ನಂತರವೂ ಲೀಟರಿಗೆ ಸುಮಾರು 0.5 ಮಿಲಿಗ್ರಾಂ ಉಳಿದಿರಬೇಕು. ಆರೋಗ್ಯ ಕಾರ್ಯಕರ್ತರು ನೀರಿಗೆ ಔಷಧಿ ಬೆರೆಸಿ ಬಣ್ಣ ನೋಡಿ ಇದನ್ನು ಹೇಳುತ್ತಾರೆ.

ನಮ್ಮ 2 ಮೀಟರ್ ಅಗಲದ ಬಾವಿಯಲ್ಲಿ 3 ಮೀಟರ್ ನೀರಿದ್ದರೆ ಎಷ್ಟು ಲೀಟರ್? ಆಗಲೇ ಲೆಕ್ಕ ಮಾಡಿದ್ದೇವೆ, 9,420. ಪುಡಿ 9.42 × 2.5 = 23.5 ಗ್ರಾಂ, ಅಂದರೆ ಸುಮಾರು 24 ಗ್ರಾಂ. ಆಗಸ್ಟ್‌ನಲ್ಲಿ ಅದೇ ಬಾವಿಯಲ್ಲಿ 8 ಮೀಟರ್ ನೀರಿದ್ದರೆ? ಸುಮಾರು 63 ಗ್ರಾಂ. ಪ್ರತಿ ಸಲವೂ ನೀರಿನ ಆಳ ಅಳೆಯಬೇಕಾದದ್ದು ಇದಕ್ಕಾಗಿ.

ಪುಡಿಯನ್ನು ಹಾಗೆಯೇ ಎರಚಬಾರದು. ದೊಡ್ಡವರು ಅದನ್ನು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಸ್ವಲ್ಪ ನೀರಿನೊಂದಿಗೆ ಕಲಸಿ, ಮುಕ್ಕಾಲು ಬಕೆಟ್ ನೀರು ಸೇರಿಸಿ ಕದಡಿ, ಐದರಿಂದ ಹತ್ತು ನಿಮಿಷ ಬಿಡಬೇಕು. ಸುಣ್ಣ ತಳಕ್ಕೆ ಇಳಿಯುತ್ತದೆ. ಮೇಲಿನ ತಿಳಿಯನ್ನು ಮಾತ್ರ ಇನ್ನೊಂದು ಬಕೆಟ್ಟಿಗೆ ಬಗ್ಗಿಸಿ, ಅದನ್ನು ಹಗ್ಗದಿಂದ ನೀರಿನೊಳಗೆ ಇಳಿಸಿ ಮೇಲೆ ಕೆಳಗೆ, ಅತ್ತ ಇತ್ತ ಆಡಿಸಬೇಕು. ತಳದ ಸುಣ್ಣ ಬಾವಿಗೆ ಹೋದರೆ ನೀರು ಗಡಸಾಗುತ್ತದೆ. ಕನಿಷ್ಠ ಒಂದು ಗಂಟೆ ನೀರು ಸೇದಬಾರದು. ಸಂಜೆ ಹಾಕಿ ಬೆಳಿಗ್ಗೆ ಸೇದುವುದು ಎಲ್ಲಕ್ಕಿಂತ ಅನುಕೂಲ.

ಇಲ್ಲಿ ಮೂರು ಮಾತು. ಕೆಸರು ನೀರಿಗೆ ಎಷ್ಟು ಪುಡಿ ಹಾಕಿದರೂ ಕ್ಲೋರಿನ್ ಕೆಸರಿನ ಮೇಲೇ ಖರ್ಚಾಗುತ್ತದೆ. ಮೊದಲು ನೀರು ತಿಳಿಯಾಗಬೇಕು. ಎರಡನೆಯದು ನಮ್ಮ ಹವೆಯದ್ದು. ಚೆಲುವೆ ಪುಡಿಗೆ ತೇವ ಆಗದು. ಬಾಯಿ ತೆರೆದ ಚೀಲವನ್ನು ಕೊಡಗಿನ ಒಂದು ಮಳೆಗಾಲ ಮೂಲೆಯಲ್ಲಿಟ್ಟರೆ ಕೊನೆಗೆ ಉಳಿಯುವುದು ಹೆಚ್ಚುಕಡಿಮೆ ಸುಣ್ಣ. ಘಾಟು ವಾಸನೆ ಇಲ್ಲದ, ಗಂಟುಗಟ್ಟಿದ ಪುಡಿಯನ್ನು ನಂಬಬೇಡಿ. ಮೂರನೆಯದು, ಶೌಚಾಲಯ ತೊಳೆಯುವ ಆಮ್ಲಕ್ಕೂ ಇದಕ್ಕೂ ಸಂಪರ್ಕ ಆಗಬಾರದು. ವಿಷದ ಕ್ಲೋರಿನ್ ಅನಿಲ ಏಳುತ್ತದೆ.

ಬಾವಿ ಮುಳುಗಿದರೆ

2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡಗಳು ಕುಸಿದದ್ದನ್ನು, ಕಾವೇರಿ ಕುಶಾಲನಗರದ ಬಡಾವಣೆಗಳಿಗೆ ನುಗ್ಗಿದ್ದನ್ನು ಮನೆಯವರು ಹೇಳಿರಬಹುದು. 2019ರ ಆಗಸ್ಟ್‌ನಲ್ಲಿ ಸಿದ್ದಾಪುರದ ಹತ್ತಿರದ ಕರಡಿಗೋಡಿನಲ್ಲಿ ಹೊಳೆದಂಡೆಯ ಮನೆಗಳು ಮುಳುಗಿದವು. ಪ್ರವಾಹದ ನೀರು ಕಟ್ಟೆ ದಾಟಿ ಬಾವಿಗೆ ಇಳಿದರೆ ಅದರೊಂದಿಗೆ ಕೊಟ್ಟಿಗೆ, ಶೌಚಾಲಯ, ಸತ್ತ ಪ್ರಾಣಿ ಎಲ್ಲದರ ಕೊಳೆಯೂ ಇಳಿಯುತ್ತದೆ. ಆ ನೀರು ಕುಡಿಯಬಾರದು. ಹೊಳೆ ಇಳಿದು, ನೆಲದ ನೀರೂ ಸ್ವಲ್ಪ ಇಳಿದ ಮೇಲೆ, ಸ್ವಲ್ಪ ಸ್ವಲ್ಪವಾಗಿ ನೀರು ತೆಗೆದು ಹೊಸ ನೀರು ಬರಲು ಬಿಡಬೇಕು. (ಒಮ್ಮೆಲೇ ಏಕೆ ತೆಗೆಯಬಾರದು ಎಂದು ಈಗ ನಿಮಗೆ ಗೊತ್ತು.) ಇಂಥ ಬಾವಿಗೆ ಚೆಲುವೆ ಪುಡಿಯ ಪ್ರಮಾಣ ಹೆಚ್ಚು ಬೇಕು. ಎಷ್ಟು ಎಂಬುದನ್ನು ಆರೋಗ್ಯ ಕಾರ್ಯಕರ್ತರನ್ನು ಕೇಳಿಯೇ ಹಾಕಬೇಕು. ನೀರಿನ ಪರೀಕ್ಷೆ ಸರಿ ಎಂದು ಬರುವವರೆಗೆ ಬೇರೆ ನೀರನ್ನು, ಅದನ್ನೂ ಚೆನ್ನಾಗಿ ಕುದಿಸಿ ಕುಡಿಯಿರಿ.

ಮೋಟಾರು ಓಡಿದರೂ ನೀರು ಬಾರದು, ಏಕೆ?

ಏಪ್ರಿಲ್‌ನಲ್ಲಿ ಬಹಳ ಮನೆಗಳಲ್ಲಿ ಕೇಳುವ ದೂರು ಇದು. ಮೆಕ್ಯಾನಿಕ್ ಬರುವ ಮೊದಲು ನಿಮ್ಮ ದಾರ ಮತ್ತು ಕಲ್ಲನ್ನು ತನ್ನಿ.

ಕಟ್ಟೆಯ ಮೇಲಿರುವ ಮೋಟಾರು ನೀರನ್ನು "ಎಳೆಯುತ್ತದೆ" ಎನ್ನುತ್ತೇವೆ. ನಿಜವಾಗಿ ಅದು ಕೊಳವೆಯೊಳಗಿನ ಒತ್ತಡವನ್ನು ಕಡಿಮೆ ಮಾಡುತ್ತದೆ ಅಷ್ಟೆ. ಬಾವಿಯ ನೀರಿನ ಮೇಲೆ ಒತ್ತುತ್ತಿರುವ ಗಾಳಿ ನೀರನ್ನು ಮೇಲಕ್ಕೆ ನೂಕುತ್ತದೆ. ಗಾಳಿಯ ಶಕ್ತಿಗೆ ಒಂದು ಮಿತಿಯಿದೆ. ಇಟಲಿಯ ಟೊರಿಸೆಲ್ಲಿ 1640ರ ದಶಕದಲ್ಲಿ ಪಾದರಸದ ಪ್ರಯೋಗದಿಂದ ಇದನ್ನು ತೋರಿಸಿದರು. ಸಮುದ್ರ ಮಟ್ಟದಲ್ಲಿ ಗಾಳಿ ನೀರನ್ನು ಸುಮಾರು 10.3 ಮೀಟರ್‌ವರೆಗೆ ಮಾತ್ರ ನೂಕಬಲ್ಲದು. ಮಡಿಕೇರಿ ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಮೇಲಿದೆ. ಇಲ್ಲಿ ಗಾಳಿ ತೆಳು, ಮಿತಿಯೂ ಸುಮಾರು 9 ಮೀಟರಿಗೆ ಇಳಿಯುತ್ತದೆ. ಕೊಳವೆಯಲ್ಲಿನ ಘರ್ಷಣೆ ಮುಂತಾದ ನಷ್ಟ ಕಳೆದರೆ ಕೆಲಸಕ್ಕೆ ಸಿಗುವುದು 6-7 ಮೀಟರ್. ನೀರು ಅದಕ್ಕಿಂತ ಕೆಳಗಿಳಿದರೆ ಎಷ್ಟು ಹೆಚ್ಚು ಶಕ್ತಿಯ ಮೋಟಾರು ತಂದರೂ ಪ್ರಯೋಜನವಿಲ್ಲ. ಅದಕ್ಕೆ ನೀರೊಳಗೇ ಕುಳಿತು ಕೆಳಗಿನಿಂದ ನೂಕುವ ಸಬ್‌ಮರ್ಸಿಬಲ್ ಪಂಪು ಬೇಕು.

ಮಟ್ಟ ಮೇಲೆಯೇ ಇದ್ದು, ಪ್ರತಿ ಸಲ ಮೋಟಾರಿಗೆ ನೀರು ತುಂಬಿಸಿದರೆ ಮಾತ್ರ ಓಡುತ್ತದೆಯೆ? ಹಾಗಿದ್ದರೆ ಕೊಳವೆಯ ತಳದ ಫುಟ್ ವಾಲ್ವನ್ನು ನೋಡಿಸಿ. ನೀರು ಮೇಲೆ ಹೋಗಲು ಬಿಟ್ಟು ಹಿಂದೆ ಬರಲು ಬಿಡದ ಪುಟ್ಟ ಬಾಗಿಲು ಅದು. ಒಂದು ಕಡ್ಡಿ ಸಿಕ್ಕಿಕೊಂಡರೂ ಬಾಗಿಲು ಮುಚ್ಚದೆ ನೀರು ಸೋರಿಹೋಗುತ್ತದೆ. ಹೂಳೆತ್ತಿಸುವ ದಿನ ಅದನ್ನೂ ತೊಳೆಸಿದರೆ ಖರ್ಚು ಉಳಿಯಿತು.

ನೀರನ್ನು ಪರೀಕ್ಷಿಸುವುದು

ಹೈಡ್ರೋಜನ್ ಸಲ್ಫೈಡ್ ಪಟ್ಟಿ ಇರುವ ಸಣ್ಣ ಬಾಟಲಿಯ ಪರೀಕ್ಷೆ ಸುಲಭ. ಗ್ವಾಲಿಯರ್‌ನ ರಕ್ಷಣಾ ಸಂಶೋಧನಾಲಯದ ವಿಜ್ಞಾನಿಗಳು 1982ರಲ್ಲಿ ಪ್ರಕಟಿಸಿದ ವಿಧಾನ ಇದು. ಬಾಟಲಿಯ ಗುರುತಿನವರೆಗೆ ನೀರು ತುಂಬಿ ಒಂದೆರಡು ದಿನ ಬಿಡುತ್ತಾರೆ. ನೀರು ಕಪ್ಪಾದರೆ ಮಲದ ಸೋಂಕು ಇದೆ ಎಂಬ ಸೂಚನೆ. ಬ್ಯಾಕ್ಟೀರಿಯಾ ಬೆಳೆಯಲು 30 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಬಿಸುಪು ಬೇಕು. ನಮ್ಮ ಮಳೆಗಾಲದ ಚಳಿಯಲ್ಲಿ ಕಿಟಕಿಯ ಬಳಿ ಇಟ್ಟು "ಕಪ್ಪಾಗಲಿಲ್ಲ, ನೀರು ಚೆನ್ನಾಗಿದೆ" ಎಂದರೆ ಮೋಸ ಹೋದಂತೆ. ಬೆಚ್ಚಗಿನ ಕಡೆ ಇಡಿ. ಪರೀಕ್ಷೆಯ ಕಿಟ್ ಬಗ್ಗೆ ಗ್ರಾಮ ಪಂಚಾಯಿತಿಯಲ್ಲಿ ಶಿಕ್ಷಕರ ಮೂಲಕ ವಿಚಾರಿಸಿ. ಮುಗಿದ ಬಾಟಲಿಯನ್ನು ನೀವು ತೆರೆಯಬೇಡಿ.

ಲೆಕ್ಕ ಮಾಡಿ

ಒಂದು ಬಾವಿಯ ಅಗಲ 1.8 ಮೀಟರ್. ಕಟ್ಟೆಯ ಅಂಚಿನಿಂದ ತಳಕ್ಕೆ 11 ಮೀಟರ್, ನೀರಿಗೆ 7 ಮೀಟರ್. ಎಷ್ಟು ಗ್ರಾಂ ಚೆಲುವೆ ಪುಡಿ ಬೇಕು? ಕಟ್ಟೆಯ ಮಟ್ಟದಲ್ಲಿರುವ ಮೋಟಾರು ಈ ನೀರನ್ನು ಎತ್ತೀತೆ?

(ಉತ್ತರ: ನೀರಿನ ಆಳ 4 ಮೀಟರ್, ನೀರು ಸುಮಾರು 10,170 ಲೀಟರ್, ಪುಡಿ ಸುಮಾರು 25 ಗ್ರಾಂ. ಮೋಟಾರು ಮಿತಿಯ ಅಂಚಿನಲ್ಲಿದೆ. ನೀರು ಇನ್ನೊಂದು ಮೀಟರ್ ಇಳಿದರೆ ನಿಂತೀತು.)